ಸುಮ್ಮನಿದ್ದರೆ ಹೌದು ಎನ್ನುವ ಜಾತಿ

ನನ್ನ ನಾದಿನಿಗೆ ಬಾಯಿಯೇ ಇಲ್ಲ ಎಂದು ನೆಂಟರೆಲ್ಲ ಹೊಗಳುತ್ತಾರೆ. ಸುಳ್ಳು. ಬಾಯಿ ಇದೆ, ಅದರ ತುಂಬ ಸ್ಕ್ರೂ ಇರುತ್ತದೆ. ಹೋಟೆಲುಗಳ ಹಾಸು ಹೊದಿಕೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಯಂತ್ರಗಳ ಎಲೆಕ್ಟ್ರಾನಿಕ್ ಬೋರ್ಡು ನೋಡಿಕೊಳ್ಳುವ ಕೆಲಸ. ಮನೆಯ ಹಿಂದಿನ ಕೋಣೆಯಲ್ಲಿ ಕೂತು ಬೋರ್ಡು ಬಿಚ್ಚುತ್ತಾಳೆ, ಸ್ಕ್ರೂ ಕಳೆದೀತೆಂದು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾಳೆ. ನಾನೇನು ಕಡಿಮೆಯವಳಲ್ಲ, ಏನಾದರೂ ಬೇಕಿದ್ದರೆ ಸರಿಯಾಗಿ ಆಗಲೇ ಹೋಗಿ ಹೇಳುತ್ತೇನೆ. ಅವಳ ಟೇಬಲ್ ಫ್ಯಾನು ನನ್ನ ಕೋಣೆಗೆ ಬಂದದ್ದು ಹಾಗೆ. ಕನ್ನಡಿಯೂ ಹಾಗೇ.

ಕೊನೆಗೆ ಆ ಕೋಣೆಯ ಮೇಲೇ ಕಣ್ಣು ಹಾಕಿದೆ. ನನ್ನ ತವರಿನ ಮರದ ಬೀರು ನಡುಮನೆಯಲ್ಲಿ ಆನೆಯಂತೆ ನಿಂತಿತ್ತು.

"ಭಾನುವಾರ ಹಮಾಲಿಗಳು ಬರ್ತಾರೆ. ಬೀರು ಇಲ್ಲಿಗೆ, ನಿನ್ನ ಮೇಜು ಮೆಟ್ಟಿಲ ಕೆಳಗೆ" ಎಂದೆ.

ಬಾಯಲ್ಲಿ ಆರು ಸ್ಕ್ರೂ. ಅವಳ ಕಣ್ಣು ತುಂಬಿದ್ದು ಕಂಡಿತು. ಬೆಸುಗೆಯ ಹೊಗೆ ಇರಬೇಕು ಎಂದುಕೊಂಡೆ.

ಆ ವಾರವೇ ಒಗೆಯುವ ಯಂತ್ರಕ್ಕೆ ಹೊಸ ಪುಟ್ಟ ಕಂಪ್ಯೂಟರ್ ಜೋಡಿಸುವ ಕೆಲಸ ಬಂತು. ಅದು ಮೂರು ಚಿಲ್ಲರೆ ವೋಲ್ಟಿನದು, ಯಂತ್ರದ ಹಳೆಯ ಬೋರ್ಡು ಐದು ವೋಲ್ಟಿನದು. ನೇರ ಜೋಡಿಸಿದರೆ ಹೊಸದು ಸುಟ್ಟು ಹೋದೀತು. ನಡುವೆ ಒಂದು ಚಿಪ್ ಬೇಕು. ಅದು ಮಾತನ್ನಷ್ಟೇ ದಾಟಿಸಬೇಕು, ಕರೆಂಟನ್ನು ದಾಟಿಸಬಾರದು, ಇವನ ಮೂರನ್ನು ಅವನಿಗೆ ಐದು ಮಾಡಿ ಹೇಳಬೇಕು. ಎಷ್ಟು ತಂತಿ, ಎಷ್ಟು ವೇಗ, ಯಾವ ತಂತಿ ಯಾವ ದಿಕ್ಕಿಗೆ, ಎಷ್ಟು ಸಾವಿರ ವೋಲ್ಟಿನ ಪೆಟ್ಟು ತಡೆದೀತು ಎಂದು ಮೂರು ದಿನ ಅಳೆದೂ ಸುರಿದೂ ಒಂದನ್ನು ಆರಿಸಿದಳು.

ಶುಕ್ರವಾರ ತಲೆಯಿಂದ ಕಾಲಿನವರೆಗೆ ನೊರೆಯಾಗಿ ಮನೆಗೆ ಬಂದಳು. ಪರೀಕ್ಷೆಗೆಂದು ಕಂಪ್ಯೂಟರಿನ ಪ್ಲಗ್ ಕಿತ್ತಳಂತೆ. ಹೊಟ್ಟೆ ತುಂಬ ನೀರಿದ್ದ ಯಂತ್ರ ಫಟ್ಟನೆ ಬಾಗಿಲು ತೆರೆಯಿತಂತೆ. ಮ್ಯಾನೇಜರರ ಒಂದು ಚಪ್ಪಲಿ ಗೇಟಿನವರೆಗೂ ತೇಲಿತಂತೆ.

"ತಪ್ಪು ನಂದೇ ಅತ್ತಿಗೆ. ಆ ಕಡೆಯೋರು ಸುಮ್ಮನಾದ್ರೆ ಈ ಕಡೆಗೆ 'ಹೌದು, ಬಾಗಿಲು ತೆಗಿ' ಅಂತ ಹೇಳೋ ಜಾತಿ ಚಿಪ್ ತಂದ್ಬಿಟ್ಟೆ. 'ಇಲ್ಲ' ಅನ್ನೋದೂ ಸಿಗುತ್ತೆ. ನಂಬರಿನ ಕೊನೇಲಿ ಒಂದೇ ಒಂದಕ್ಷರ ವ್ಯತ್ಯಾಸ."

"ಚಿಪ್ಪಿಂದೇನು ತಪ್ಪು? ಮೌನಂ ಸಮ್ಮತಿ ಲಕ್ಷಣಂ ಅಂತ ದೊಡ್ಡೋರೇ ಹೇಳಿದಾರಲ್ಲ!" ಎಂದು ನಕ್ಕೆ. ಹಾಳು ಬಾಯಿ ನನ್ನದು. ಅವಳು ನಗಲಿಲ್ಲ. ಟವೆಲ್ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತಳು.

ಶನಿವಾರ ಬೇರೆ ಚಿಪ್ ಹಾಕಿ ಹತ್ತು ಸಲ ಪ್ಲಗ್ ಕಿತ್ತಳು. ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ.

ಭಾನುವಾರ ಇಬ್ಬರು ಹಮಾಲಿಗಳು ಬೀರು ಎತ್ತಿದರು. ದಾರಿ ತೋರಿಸುತ್ತ ನಾನೇ ಮೊದಲು ಕೋಣೆಗೆ ಹೋದೆ. ಅವಳ ಬಾಯಲ್ಲಿ ಸ್ಕ್ರೂ ಇತ್ತು, ನನಗೆ ಸಂತೋಷವಾಯಿತು. ಅವಳು ಅವನ್ನು ಒಂದೊಂದಾಗಿ ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಿದಳು. ಟಣ್, ಟಣ್, ಟಣ್.

"ಇಲ್ಲ ಅತ್ತಿಗೆ. ಕೋಣೆ ಕೊಡಲ್ಲ."

"ಅಯ್ಯೋ, ಮೊದಲೇ ಹೇಳಬಾರ್ದಿತ್ತಾ?"

"ನೀವು ಯಾವತ್ತು ಕೇಳಿದ್ರಿ?"

ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಫ್ಯಾನು, ಕನ್ನಡಿ ಎಲ್ಲ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಅಡುಗೆಮನೆ ಬಾಗಿಲ ಹತ್ತಿರ ಬೀರು ಹೊತ್ತು ನಿಂತಿದ್ದ ಹಿರಿಯ ಹಮಾಲಿ, "ಅಮ್ಮಾ, ಕೈ ಬಿದ್ದೋಗ್ತಿದೆ, ಇಲ್ಲೇ ಇಳಿಸ್ಲಾ?" ಎಂದು ಕೂಗಿದ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಇಳಿಸಿ ಹೋದರು. ಎರಡು ತಿಂಗಳಿಂದ ಅಡುಗೆಮನೆಗೆ ನಾನು ಅಡ್ಡಡ್ಡ ನುಸುಳಿ ಹೋಗುತ್ತಿದ್ದೇನೆ.