ಹಗಲಲ್ಲಿ ಇಳಿದ ಹಲಗೆ

ಎದುರುಮನೆ ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ಪುಟ್ಟ ಚಿಪ್ಪುಗಳ ಹಾಗೆ ಬೆಳೆದಿತ್ತು. ಕಾಫಿ ಲೋಟ ಚಾಚುವಾಗ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅದೇ. “ಚಿಕ್ಕವಳಿದ್ದಾಗ ಅಂಗಡಿ ಹಲಗೆಗೆ ಸಿಕ್ಕಿಸಿಕೊಂಡೆ. ನಮ್ಮೂರು ಒತ್ತಿದ ಮೊಹರು” ಎಂದು ನಗುತ್ತಿದ್ದರು.

ನಮ್ಮವರು ಜರ್ಮನಿಯ ಗ್ರೀನ್ ಕಾರ್ಡ್ ಮೇಲೆ ಅಲ್ಲಿನ ಸೇಂಟ್ ಲಿಯೋನ್-ರೋಟ್‌ಗೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ವರ್ಷ ಅದು. ಅಂಗಳದಾಚೆಯ ಮನೆಯಲ್ಲಿ ಅಕ್ಕ ಒಬ್ಬರೇ ಇದ್ದರು. ಮಲೇಷ್ಯಾದ ತಮಿಳರು, ಜರ್ಮನ್ ಗಂಡ ತೀರಿಕೊಂಡಿದ್ದರು. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಬೆಳೆದ ನನಗೆ ಅವರ ತಮಿಳು ತಿಳಿಯುತ್ತಿತ್ತು. ನಾನು ಆಂಟಿ ಅಂದದ್ದಕ್ಕೆ, “ಬಸ್ಸುಗಟ್ಟಲೆ ಜನಕ್ಕೆ ಬಡಿಸಿದವಳು ಕಣೇ ನಾನು, ಡ್ರೈವರ್‌ಗಳಿಗೂ ಅಕ್ಕನೇ. ಅಕ್ಕಾ ಅನ್ನು” ಎಂದರು.

ಅಕ್ಕನ ಊರು ಅಂದರೆ ಕೌಲಾಲಂಪುರದಿಂದ ಇಪೋಗೆ ಹೋಗುವ ರಸ್ತೆಯ ಎರಡು ಬದಿಗೆ ಒಂದೊಂದು ಸಾಲು ಅಂಗಡಿ, ಹಿಂದೆ ರಬ್ಬರ್ ತೋಟ, ಅಷ್ಟೇ. ಅಪ್ಪನ ಕಾಫಿ ಅಂಗಡಿಯ ಎಡಕ್ಕೆ ಚೀನಿಯರ ಔಷಧಿ ಅಂಗಡಿ, ಬಲಕ್ಕೆ ಮಲಯ ಮುದುಕನ ಸೈಕಲ್ ಅಂಗಡಿ. ಬಾಗಿಲ ಬದಲು ಉದ್ದುದ್ದ ಮರದ ಹಲಗೆಗಳು. ಬೆಳಿಗ್ಗೆ ಪಕ್ಕದವರು ಮೊದಲ ಹಲಗೆ ತೆಗೆಯದಿದ್ದರೆ ಹೋಗಿ ತಟ್ಟಬೇಕು. ಅಕ್ಕ ಎಳೆಯವರಿದ್ದಾಗ ಕಾಡಿನಲ್ಲಿ ಕಮ್ಯುನಿಸ್ಟರು, ರಸ್ತೆಯಲ್ಲಿ ಬ್ರಿಟಿಷ್ ಸೈನಿಕರು. ಆಗ ಇನ್ನೊಂದು ಪದ್ಧತಿ ಸೇರಿತಂತೆ: ಹಗಲಲ್ಲಿ ಯಾರಾದರೂ ಹಲಗೆ ಹಾಕಿದರೆ ಒಳಗೆ ಆಪತ್ತು, ಸಾಲಿನವರೆಲ್ಲ ಓಡಬೇಕು.

“ಆಮೇಲೆ ಏನಾಯ್ತು ಊರು?”

“ಹೈವೇ ಬಂತು. ಬಸ್ಸುಗಳೆಲ್ಲ ಅದರ ಮೇಲೇ ಹೋದವು. ಆ ಹೈವೇಗೆ ಸೇತುವೆ ಕಟ್ಟೋಕೆ ಬಂದ ಜರ್ಮನಿಯವನು ದಿನಾ ನಮ್ಮಲ್ಲೇ ಊಟ ಮಾಡ್ತಿದ್ದ. ಊರನ್ನ ಮುಗಿಸಿ, ನನ್ನನ್ನ ಕಟ್ಟಿಕೊಂಡು ಬಂದ!”

ಇಲ್ಲಿ ಕಿಟಕಿಗಳ ಹೊರಗೆ ಉರುಳಿ ಇಳಿಯುವ ಷಟರ್, ರೋಲಾಡನ್, ಇರುತ್ತದಲ್ಲ, ಅಕ್ಕನಿಗೆ ಅದೂ ಹಲಗೆಯೇ. ನಮ್ಮಿಬ್ಬರ ಅಡುಗೆಮನೆ ಕಿಟಕಿಗಳು ಎದುರುಬದುರು. ಬೆಳಿಗ್ಗೆ ಏಳಕ್ಕೆ ನಾನು ಎತ್ತಬೇಕು, ಅವರೂ ಎತ್ತುತ್ತಾರೆ. ಒಂದು ಭಾನುವಾರ ಮಲಗಿಬಿಟ್ಟದ್ದಕ್ಕೆ ಬಂದು ಬಾಗಿಲು ಬಡಿದರು. “ಇದೇನು ಹಾಸ್ಟೆಲ್ಲಾ?” ಎಂದು ನಮ್ಮವರು ಗೊಣಗಿದರು. ಗಿಡಕ್ಕೆ ನೀರು ಹಾಕಲೆಂದು ಕೊಟ್ಟಿದ್ದ ನಮ್ಮ ಮನೆ ಕೀಲಿಯನ್ನು ಅಕ್ಕ ಕೊರಳ ಸರಕ್ಕೇ ಕಟ್ಟಿಕೊಂಡಿದ್ದರು; ಅವರ ಮನೆಯದು ನಮ್ಮ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು.

ನಾನು ಎಂಟು ತಿಂಗಳ ಬಸುರಿ. ಅಂದು ನಮ್ಮವರು ಕೆಲಸದ ಮೇಲೆ ಫ್ರಾಂಕ್‌ಫರ್ಟ್‌ಗೆ ಹೋಗಿದ್ದರು. ಏಳಕ್ಕೇ ರೋಲಾಡನ್ ಎತ್ತಿದ್ದೆ, ಅಕ್ಕ ಕೈಬೀಸಿದ್ದರು. ಹತ್ತರ ಸುಮಾರಿಗೆ ಚೆಲ್ಲಿದ ಅಕ್ಕಿ ತೊಳೆದ ನೀರಿನ ಮೇಲೆ ಕಾಲಿಟ್ಟೆ. ಬಿದ್ದಾಗ ಸದ್ದೂ ಆಗಲಿಲ್ಲ. ತೊಡೆಯ ಬಳಿ ಬಿಸಿ, ನೋಡಿದರೆ ರಕ್ತ. ಫೋನು ಹಜಾರದಲ್ಲಿ. ಏಳಲು ಹೋದರೆ ಕಣ್ಣು ಕತ್ತಲೆ. ಕೂಗಿದೆ, ಈ ಜೋಡಿಗಾಜಿನ ಕಿಟಕಿ ದಾಟಿ ಯಾರಿಗೆ ಕೇಳಬೇಕು? ಏಳು ಗಂಟೆಗೇ ಚೆನ್ನಾಗಿದ್ದೇನೆಂದು ಹೇಳಿ ಆಗಿತ್ತು. ನಾಳೆ ಬೆಳಗಿನವರೆಗೆ ಅಕ್ಕನಿಗೆ ಅನುಮಾನವೇ ಬರದು. ಹೊಟ್ಟೆಯೊಳಗೆ ಕೂಸು ಅಲುಗುತ್ತಿರಲಿಲ್ಲ.

ತಲೆಯ ಮೇಲೆ ಗೋಡೆಗಂಟಿಕೊಂಡು ರೋಲಾಡನ್ ಎತ್ತಿಳಿಸುವ ಪಟ್ಟಿ ಇತ್ತು. ಮೊಣಕೈ ಊರಿ ಹಿಡಿದೆ, ಜಗ್ಗಿದೆ, ಬಿಟ್ಟೆ. ದಡದಡನೆ ಬಿತ್ತು. ಅಡುಗೆಮನೆ ಕತ್ತಲಾಯಿತು. ಆ ಕತ್ತಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕಾನ್ವೆಂಟಿನಲ್ಲಿ ಕಲಿತ ಹೇಲ್ ಮೇರಿ ಪ್ರಾರ್ಥನೆ ಶುರು ಮಾಡಿದೆ. ಅದು ಎಲ್ಲಿ ರಾಯರ ಸ್ತೋತ್ರಕ್ಕೆ ಹೊರಳಿತೋ ತಿಳಿಯದು. ಬಾಗಿಲಲ್ಲಿ ಕೀಲಿ ತಿರುಗಿತು.

“ಎಲ್ಲಿದ್ದೀಯೇ? ಮಾತಾಡು!”

ಅಕ್ಕನ ಒಂದು ಕಾಲಲ್ಲಷ್ಟೇ ಚಪ್ಪಲಿ ಇತ್ತು. ಆಂಬುಲೆನ್ಸಿನವರಿಗೆ ಜರ್ಮನ್‌ನಲ್ಲಿ ಗದರುತ್ತ, ನನಗೆ ತಮಿಳಿನಲ್ಲಿ ಸಮಾಧಾನ ಹೇಳುತ್ತ ಆಸ್ಪತ್ರೆಯವರೆಗೂ ಕೈ ಬಿಡಲಿಲ್ಲ. ಆ ಸಂಜೆ ಹುಟ್ಟಿದ ಮಗಳು ಅಳಲು ತುಂಬಾ ಹೊತ್ತು ತೆಗೆದುಕೊಂಡಳು. ಅತ್ತಾಗ ಅಕ್ಕ, “ಹಲಗೆ ತೆಗೆದಳು” ಎಂದರು.

ಮಗಳು ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದ ಕಾಲ. ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತ ತಲೆಯೆತ್ತಿದೆ. ಎದುರು ಕಿಟಕಿಯ ರೋಲಾಡನ್ ಬಿಸಿಲಲ್ಲೇ ಇಳಿಯುತ್ತಿತ್ತು, ನಿಂತು ನಿಂತು, ಬಲವಿಲ್ಲದ ಕೈ ಬಿಟ್ಟ ಹಾಗೆ. ಒಲೆ ಆರಿಸಿ ಸೌಟು ಹಿಡಿದೇ ಓಡಿದೆ. ಅಕ್ಕ ಕುರ್ಚಿಯಲ್ಲಿ ಕೂತು ಎದೆ ಒತ್ತಿ ಹಿಡಿದಿದ್ದರು, ಮುಖದಲ್ಲಿ ಬೆವರು.

“ಬಂದೆಯಾ? ಸೌಟು ಯಾಕೆ, ನನಗೆ ಹೊಡೆಯೋಕಾ?”

ಆಂಬುಲೆನ್ಸ್ ಬರುವವರೆಗೆ ಆ ಸೀಳು ಉಗುರಿನ ಬೆರಳು ನನ್ನ ಅಂಗೈಯಲ್ಲಿತ್ತು. ಎರಡು ದಿನಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಮರುದಿನ ಬೆಳಿಗ್ಗೆ ಏಳಕ್ಕೆ ಮಗಳನ್ನು ಎತ್ತಿಕೊಂಡು ಅವರ ಅಡುಗೆಮನೆಗೆ ಹೋದೆ. ಪಟ್ಟಿ ಜಗ್ಗಿ ರೋಲಾಡನ್ ಎತ್ತಿದೆ. ಅಂಗಳದಾಚೆ ನನ್ನ ಕಿಟಕಿ ಕಂಡಿತು, ಅಕ್ಕ ಅಷ್ಟು ವರ್ಷ ನೋಡುತ್ತಿದ್ದ ಹಾಗೆ.