ವಿಜೇತಾ ಬರೆದದ್ದು, ಅವರು ಬೀಗ ಹಾಕಿದ್ದು

ಕಾಪುವಿನ ವಿಜೇತಾಳಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಜನ ಆಡಿಕೊಳ್ಳುತ್ತಾರೆ. ಸುಮ್ಮನೆ ಬಂದ ಸಿಟ್ಟಲ್ಲ ಅದು.

ತಾಯಿ ಬೇಬಿ ಮೀನು ಮಾರಿ ಓದಿಸಿದ ಹುಡುಗಿ. ಉಡುಪಿಯ ಒಂದು ಕಚೇರಿಯಲ್ಲಿ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಇಟ್ಟ ಫೈಲು ಎಲ್ಲಿ ಹೋಯಿತೆಂದು ದಿನವಿಡೀ ಅವಳನ್ನೇ ಕೂಗುತ್ತಿದ್ದರು. ಬೇಸತ್ತು ಅವಳೇ ಒಂದು ಪ್ರೋಗ್ರಾಂ ಬರೆದಳು. ನೆನಪಿರುವ ಒಂದು ಮಾತು ಕೊಟ್ಟರೆ ಸಾಕು, ಯಾವ ಫೈಲಿನ ಹೊಟ್ಟೆಯಲ್ಲಿದ್ದರೂ ಹುಡುಕಿ ಕೊಡುತ್ತಿತ್ತು. 'ತೋಜುಂಡು' ಎಂದು ಹೆಸರಿಟ್ಟಳು. ತುಳುವಿನಲ್ಲಿ ಕಾಣುತ್ತದೆ ಎಂದರ್ಥ.

ಅದನ್ನು ಬರೆದದ್ದು ಬರೆದ ಹಾಗೆ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿಟ್ಟಳು. ಕಾರ್ಕಳದ ಅಖಿಲ್ ತಾನಾಗಿ ಬಂದು ಕೈಜೋಡಿಸಿದ. ಬಳಸುವವರಿಗೆ ಷರತ್ತು ಏನು ಹಾಕುವುದೆಂದು ಅವನು ಕೇಳಿದಾಗ, "ಎಂತದ್ದು ಷರತ್ತು ಮಾರಾಯ? ಕೈರಂಪಣಿಗೆ ಷರತ್ತು ಉಂಟಾ?" ಎಂದಳು. ಅವರ ಕಡಲದಂಡೆಯಲ್ಲಿ ರಂಪಣಿ ಬಲೆ ಎಳೆಯುವಾಗ ದಾರಿಹೋಕ ಹಗ್ಗಕ್ಕೆ ಕೈ ಹಾಕಿದರೂ ಮೀನು ಕೊಡುತ್ತಾರೆ. ಬಲೆಯನ್ನೇ ಹೊತ್ತೊಯ್ಯುವವರನ್ನು ಅವಳು ಕಂಡಿರಲಿಲ್ಲ. 'ಬೇಕಾದವರು ಬೇಕಾದ ಹಾಗೆ ಬಳಸಿ' ಎಂದು ಬರೆದುಬಿಟ್ಟಳು.

ಮಣಿಪಾಲದ ಒಂದು ಕಂಪೆನಿ ಅದನ್ನೆತ್ತಿಕೊಂಡು, ಬಣ್ಣ ಬಳಿದು, ಒಳಗಿನ ಬರಹ ಯಾರಿಗೂ ಕಾಣದ ಹಾಗೆ ಮುಚ್ಚಿ, ತನ್ನದೆಂದು ಮಾರಿತು. ವಿಜೇತಾಳ ಕಚೇರಿಗೇ ಬಂತು. ತಾನು ಬರೆದದ್ದನ್ನು ತಾನೇ ತೆರೆದು ನೋಡುವ ಹಾಗಿಲ್ಲ! ಅವಳ ಮೈಯೆಲ್ಲ ಉರಿಯಿತು.

ಸ್ವಲ್ಪ ಸಮಯದಲ್ಲೇ ಆ ಕಂಪೆನಿಯ ಜಿತೇಂದ್ರ ಮನೆಗೆ ಬಂದ.

"ದೊಡ್ಡ ಡಿಸ್ಕ್ ಆದರೆ ನಮ್ಮದು ನಿಂತೇ ಹೋಗ್ತದೆ. ನೀವು ಹೊಸದೊಂದು ಬರೆದು ಅದನ್ನು ಸರಿ ಮಾಡಿದ್ದೀರಂತೆ ಅಲ್ವಾ? ನಮ್ಮಲ್ಲಿಗೇ ಕೆಲಸಕ್ಕೆ ಬನ್ನಿ."

"ನಿಮ್ಮದಾ? ಯಾವುದು ಮಾರಾಯ್ರೆ ನಿಮ್ಮದು?"

"ತಗೊಳ್ಳಿ ಅಂತ ನೀವೇ ಬರೆದದ್ದಲ್ವಾ?"

ನಿಜವಾದ ಮಾತು, ಅದಕ್ಕೇ ಇನ್ನಷ್ಟು ಉರಿಯಿತು.

ಮೆಟ್ಟುಕತ್ತಿಯಲ್ಲಿ ಮೀನು ಕೊಯ್ಯುತ್ತಿದ್ದ ಬೇಬಿ ತಲೆಯೆತ್ತಿದಳು. "ಕೊಟ್ಟದ್ದನ್ನು ತಿನ್ನಿ, ಬೇಡ ಹೇಳ್ಲಿಕ್ಕಿಲ್ಲ. ಕೊಟ್ಟವಳನ್ನೇ ಹೊರಗೆ ನಿಲ್ಲಿಸುವುದು ಯಾವ ಊರಿನ ಮರ್ಯಾದೆ?"

"ಹೊಸದಕ್ಕೆ ಷರತ್ತು ಉಂಟು," ಎಂದಳು ವಿಜೇತಾ. "ಅಖಿಲನೂ ಒಪ್ಪಿದ್ದಾನೆ. ಬೇಕಾದರೆ ಮಾರಿ. ಆದರೆ ನೀವು ಸೇರಿಸಿದ್ದನ್ನೂ ಬಿಚ್ಚಿ ಎಲ್ಲರಿಗೂ ಕೊಡಬೇಕು."

"ಹಾಗೆ ಕೊಟ್ಟರೆ ನಮ್ಮ ಹತ್ತಿರ ಎಂತ ಉಳೀತದೆ?"

"ಮೊದಲು ಎಂತ ಇತ್ತು?"

ಜಿತೇಂದ್ರ ಕಾರು ಹತ್ತಿದ. ಹಳೆಯದು ಅವರಲ್ಲೇ ಉಳಿಯಿತು. ಅದನ್ನು ಕಿತ್ತುಕೊಳ್ಳಲು ದಾರಿಯಿಲ್ಲ. ಸಂಜೆಯೇ ವಿಜೇತಾ ಹೊಸ ಷರತ್ತಿನೊಂದಿಗೆ ಹೊಸ ತೋಜುಂಡು ಹೊರಬಿಟ್ಟಳು. ಸಿಟ್ಟು ಮಾತ್ರ ಇಳಿಯಲಿಲ್ಲ. ಮರುದಿನ ಕಚೇರಿಯ ಕಂಪ್ಯೂಟರುಗಳಿಂದ ಕಂಪೆನಿಯದನ್ನು ಕಿತ್ತು ತನ್ನದನ್ನು ಹಾಕುತ್ತ ಬಂದಳು. ಯಾರನ್ನು ಕೇಳಿ ತೆಗೆದೆ ಎಂದು ಮ್ಯಾನೇಜರ್ ಭುಜಂಗ ಕೂಗಾಡಿದರು. ಅವಳು ಮುಂದಿನ ಮೇಜಿಗೆ ಹೋದಳು.