ಸೋಬಾನೆಗೆ ಹುಡುಕಿದ ಯೂನಿಟ್

ಮಧುಗಿರಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ತಾಮ್ರದ ತಂತಿ ಸುತ್ತುವ ಕೈಗೆ ಸ್ಪೀಕರ್ ಯಾವ ದೊಡ್ಡ ವಿಷಯ ಎಂದುಕೊಂಡೆ. ಅಹಂಕಾರ, ಇನ್ನೇನು! ಮದುವೆ ಗೊತ್ತಾದ ದಿನ ಮಗಳು ಕೇಳಿದ್ದು ಒಂದೇ. "ಅಪ್ಪಾ, ಅರಿಶಿನದ ದಿನ ಅಮ್ಮನ ಸೋಬಾನೆ ಹಾಕುಸ್ತೀಯಾ?" ಅವಳಿಗೆ ಎರಡು ವರ್ಷವಿದ್ದಾಗ ನನ್ನ ಹೆಂಡತಿ ತೀರಿಕೊಂಡಳು. ತಾಯಿಯ ದನಿ ಹೇಗಿತ್ತೆಂದು ಹುಡುಗಿಗೆ ಗೊತ್ತೇ ಇಲ್ಲ.

ಇದ್ದದ್ದು ಒಂದು ಕ್ಯಾಸೆಟ್. ಪುರವರದ ಒಂದು ಮದುವೆಯಲ್ಲಿ ಹೆಂಡತಿ ಮೈಕಿನ ಮುಂದೆ ಕೂತು ಹಾಡಿದ್ದನ್ನು ಮೈಕ್‌ಸೆಟ್‌ನವರು ತುಂಬಿಕೊಟ್ಟಿದ್ದರು. ಟೇಪ್ ರೆಕಾರ್ಡರಿನಲ್ಲಿ ಹಾಕಿದರೆ ಡಬ್ಬಿಯೊಳಗಿಂದ ಕೂಗಿದಂತಿತ್ತು. ಅವತ್ತು ಊರೆಲ್ಲ ಕೇಳಿದ್ದು ಹಾರ್ನ್ ಸ್ಪೀಕರಿನಲ್ಲಿ, ಹಾರ್ನೇ ಮಾಡಿದರೆ ಅವಳು ಬರುತ್ತಾಳೆ ಎಂದು ಪ್ಲೈವುಡ್ ಕೊಯ್ದು, ಸಂದಿಗೆಲ್ಲ ಅಂಟು ಮೆತ್ತಿ, ಅಗಲ ಬಾಯಿಯ ಹಾರ್ನ್ ಕಟ್ಟಿದೆ. ಇನ್ನು ಬೇಕಿದ್ದದ್ದು ಅದರ ಹಿಂದೆ ಕೂತು ಸದ್ದು ಹುಟ್ಟಿಸುವ ಯೂನಿಟ್.

ಶಿರಾದ ಗುಜರಿಯಲ್ಲಿ ಎರಡು ಸಿಕ್ಕವು. ಒಂದು ಹಳೇ ಮೈಕ್‌ಸೆಟ್ಟಿನದು, ಕಲ್ಲಿನಷ್ಟು ತೂಕ. ಇನ್ನೊಂದು ರೇಡಿಯೋದಿಂದ ಬಿಚ್ಚಿದ ಸಣ್ಣದು, ಕಾಗದದ ಬಟ್ಟಲಿನದು. "ಇದು ನಾಜೂಕ್ ಐತೆ ಭಾಯ್, ಮನೇಲಿ ಕೇಳಾಕೆ ಬೇಷಾಗಿರ್ತದೆ" ಎಂದು ಅಂಗಡಿಯ ಸಾಹೇಬರು ಸಣ್ಣದನ್ನು ಮುಂದೆ ಮಾಡಿದರು. ಎರಡನ್ನೂ ತಂದೆ.

ಅವತ್ತು ಕ್ಯಾಸೆಟ್ ತುಂಬಿದ ಕೊರಟಗೆರೆಯ ಮೈಕ್‌ಸೆಟ್ ಯಜಮಾನರನ್ನೇ ಕರೆಸಿದೆ. ನಾನು ಹಾರ್ನಿನ ಎದುರು ಕೂತದ್ದು ನೋಡಿ ಮುದುಕ ಉರಿದುಬಿದ್ದ. "ಎದುರುಗೆ ಕುಂತ್ಕಂಡು ಯೂನಿಟ್ ನೋಡ್ತಾರೇನ್ಲಾ? ಎದ್ದು ನಡಿ. ಎಲ್ಲಿಗಂಟ ಮಾತು ಬಿಡಿಬಿಡಿಯಾಗಿ ಕೇಳ್ತದೋ ಅಲ್ಲಿಗಂಟ ಅದ್ರ ತಾಕತ್ತು ಕಣ್ಲಾ." ನಮ್ಮ ಕಡೆ ಮೈಕ್‌ಸೆಟ್‌ನವರು ಆರಿಸುವುದೇ ಹಾಗೆ, ನಡೆದು ನಡೆದು. ನಾನೂ ನಡೆದೆ. ಸಣ್ಣದು ಬೀದಿ ತಿರುವಿಗೇ ಸತ್ತುಹೋಯಿತು. ತೂಕದ್ದು ಕೆರೆ ಏರಿಯವರೆಗೂ ಬಂತು, ಒಂದೊಂದು ಪದವೂ ಸ್ಪಷ್ಟ. ಏರಿಯ ಮೇಲೆ ನಿಂತು ಕುಣಿದುಬಿಟ್ಟೆ.

ಮನೆಗೆ ಬಂದು ಮಗಳನ್ನು ಎದುರಿಗೆ ಕೂರಿಸಿ ಕ್ಯಾಸೆಟ್ ಹಾಕಿದೆ. ಅವಳು ಕಿವಿ ಮುಚ್ಚಿಕೊಂಡಳು.

"ಅಮ್ಮ ಇಂಗೆ ಕಿರುಚ್ತಿದ್ಲಾ?"

ನಾನೆಂಥ ಮುಠ್ಠಾಳ! ಮೂರಡಿ ದೂರದಲ್ಲಿ ಕೂರುವ ಮಗಳಿಗೆ ಊರಿಗೆ ಕೇಳುವ ಯೂನಿಟ್ ಆರಿಸಿದ್ದೆ. ನನ್ನನ್ನೇ ಬೈದುಕೊಳ್ಳುತ್ತ ಸ್ಕ್ರೂ ಬಿಚ್ಚಿ ಸಣ್ಣದನ್ನು ಕೂರಿಸಿದೆ. ದನಿ ಮೆತ್ತಗಾಯಿತು, ಸಾಲಿನ ಕೊನೆಗೆ ಉಸಿರೆಳೆದದ್ದೂ ಕೇಳಿತು. ಆದರೆ ಯಾರೋ ವಯಸ್ಸಾದ ಹೆಂಗಸು ಹಾಡಿದಂತಿತ್ತು. ಸತ್ತಾಗ ನನ್ನ ಹೆಂಡತಿಗೆ ಇಪ್ಪತ್ತಾರು.

ಮೂರು ದಿನ ಅಂಗಡಿ ಮುಚ್ಚಿ ಅದನ್ನು ಬಿಚ್ಚಿ ಇದನ್ನು ಕೂರಿಸಿ ನೋಡಿದೆ. ಕಣ್ಣು ಮುಚ್ಚಿದರೆ ಅವಳ ಮುಖ ಬರುತ್ತದೆ, ಸೆರಗು ಸಿಕ್ಕಿಸುವ ರೀತಿ ಬರುತ್ತದೆ. ದನಿ ಬರುವುದಿಲ್ಲ. ನನ್ನನ್ನು "ಏನೂಂದ್ರೆ" ಎಂದು ಕರೆಯುತ್ತಿದ್ದಳು. ಅದನ್ನು ನೆನೆಸಿಕೊಂಡರೆ ನನ್ನ ದನಿಯಲ್ಲೇ ಕೇಳುತ್ತದೆ. ಅಯ್ಯೋ, ಯಾವಾಗ ಮರೆತೆ? ಯಾವ ವರ್ಷ, ಯಾವ ಕೆಲಸದ ನಡುವೆ? ಅವಳು ಹೋದ ದಿನಕ್ಕಿಂತ ಹೆಚ್ಚು ಅತ್ತೆ.

ಅರಿಶಿನದ ಹಿಂದಿನ ದಿನ ಮಗಳು ಎರಡನ್ನೂ ಒಂದಾದ ಮೇಲೊಂದು ಹಾಕಿಸಿಕೊಂಡು ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇದ್ರಲ್ಲಿ ಅಮ್ಮ ಯಾವ್ದಪ್ಪಾ?"

ಸಣ್ಣದರ ಮೇಲೆ ಕೈಯಿಟ್ಟೆ. "ಇದೇ ಕಣಮ್ಮ. ಥೇಟ್ ಇಂಗೇ."

ಅವಳ ಕಣ್ಣು ತುಂಬಿತು. ಹಾರ್ನಿನ ಬಾಯಿಗೆ ಹತ್ತಿರ ಕೂತು ಜೊತೆಗೆ ಹಾಡತೊಡಗಿದಳು. ತಪ್ಪಿದಲ್ಲೆಲ್ಲ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ, ಅಮ್ಮನ ಹಾಗೇ ಬರಬೇಕೆಂದು, ಆ ದನಿಯನ್ನೇ ಕಲಿತಳು.